ಹೃದಯದ ಕೋಶ ಕಾಯಲು ಯಾವ ನ್ಯಾನೋ ಕಣ? ಪ್ರಾಜೆಕ್ಟ್ ಆರಿಸುವವರಿಗೆ ಒಂದು ಹೋಲಿಕೆ

ದೇರಳಕಟ್ಟೆ, ಕೊಣಾಜೆ, ಸುರತ್ಕಲ್, ಮಣಿಪಾಲ ಕಡೆಯ ಲ್ಯಾಬ್‌ಗಳಲ್ಲಿ ಪ್ರಾಜೆಕ್ಟ್ ವಿಷಯ ಹುಡುಕುವ ಕಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಹೃದಯದ ಕೋಶಕ್ಕೆ ಆಕ್ಸಿಡೇಟಿವ್ ಒತ್ತಡ ಕೊಟ್ಟು, ಆಂಟಿಆಕ್ಸಿಡೆಂಟ್ ನ್ಯಾನೋ ಕಣದಿಂದ ಕಾಪಾಡಿ ತೋರಿಸಬೇಕು. ಸೀರಿಯಂ ತಗೊಳ್ಳಲಾ, ಸೆಲೆನಿಯಂ ತಗೊಳ್ಳಲಾ, ಇಲ್ಲ ಅರಿಶಿನದ ಕರ್ಕ್ಯುಮಿನ್ ತುಂಬಿದ ಪಾಲಿಮರ್ ಕಣ ಮಾಡಲಾ?" ಎಂಎಸ್ಸಿಯವರು ಕೇಳುತ್ತಾರೆ, ಫಾರ್ಮಸಿಯವರು ಕೇಳುತ್ತಾರೆ, ಪಿಎಚ್‌ಡಿಗೆ ಹೊಸದಾಗಿ ಸೇರಿದವರೂ ಕೇಳುತ್ತಾರೆ. ಆಕ್ಸಿಡೇಟಿವ್ ಒತ್ತಡ ಅಂದರೆ ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳು ಕೋಶಕ್ಕೆ ಮಾಡುವ ಹಾನಿ, ಅದನ್ನು ತಡೆಯುವುದು ಆಂಟಿಆಕ್ಸಿಡೆಂಟ್. ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ. ನೀವು ಕೋಶಕ್ಕೆ ಕೊಡುವ ಪೆಟ್ಟು ಯಾವುದು? ಆ ಪೆಟ್ಟು ಬೀಳುವುದು ಕೋಶದ ಹೊರಗೋ, ಒಳಗೋ? ಇದು ಗೊತ್ತಿಲ್ಲದೆ ಕಣ ಆರಿಸಲು ಹೋದರೆ ಕೊನೆಗೆ ಸಿಗುವುದು ಅಂಗಡಿಯಲ್ಲಿ ಯಾವುದು ಅಗ್ಗವೋ ಅದು.

ಲ್ಯಾಬ್‌ಗೆ ಸಂಬಂಧ ಇಲ್ಲದವರೂ ಇದನ್ನು ಓದಬಹುದು. ಅವರಿಗೆ ಒಂದು ಮಾತು. ಇದು ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಗಳ ಹೋಲಿಕೆ ಅಲ್ಲ. ಹೃದಯ ಕಾಯಲು ಅಂತ ಒಪ್ಪಿಗೆ ಪಡೆದು ಮಾರುಕಟ್ಟೆಗೆ ಬಂದ ಆಂಟಿಆಕ್ಸಿಡೆಂಟ್ ನ್ಯಾನೋ ಮದ್ದು ಇಲ್ಲ. ಮಾಮೂಲಿ ಆಂಟಿಆಕ್ಸಿಡೆಂಟ್ ಕಥೆಯೂ ಅಷ್ಟು ಚೆನ್ನಾಗಿಲ್ಲ. 2000ದಲ್ಲಿ ಪ್ರಕಟವಾದ ಹೋಪ್ ಪ್ರಯೋಗದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 9,500ಕ್ಕೂ ಹೆಚ್ಚು ಜನರಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟು, ಸರಾಸರಿ ನಾಲ್ಕೂವರೆ ವರ್ಷ ನೋಡಿದರು. ಹೃದಯಾಘಾತ ಕಡಿಮೆಯಾಗಲಿಲ್ಲ. ಆಂಟಿಆಕ್ಸಿಡೆಂಟ್ ಬಾಯಿಗೆ ಹಾಕಿದರೆ ಸಾಲದು, ಅದು ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ ಹೋಗಬೇಕು. ನ್ಯಾನೋ ಕಣದ ಮೇಲೆ ಆಸೆ ಇಟ್ಟಿರುವುದೇ ಆ ಕಾರಣಕ್ಕೆ.

ಪೆಟ್ಟು ಯಾವುದು?

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಷ್ಟು ಶಕ್ತಿ ಬೇಕಾದ್ದರಿಂದ ಹೃದಯದ ಸ್ನಾಯುಕೋಶದ ಜಾಗದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಶಕ್ತಿ ತಯಾರಿಸುವ ಮೈಟೊಕಾಂಡ್ರಿಯವೇ ತುಂಬಿಕೊಂಡಿದೆ. ಆಮ್ಲಜನಕ ಬಳಸುವಾಗ ಅಲ್ಲಿಂದ ಸೂಪರ್ ಆಕ್ಸೈಡ್ ಎಂಬ ಚುರುಕು ಅಣು ಸ್ವಲ್ಪ ಸೋರುತ್ತದೆ. ಅದನ್ನು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಪತ್ತೆ ಮಾಡಿದ್ದು ಇದನ್ನೇ. ಪೆರಾಕ್ಸೈಡನ್ನು ನೀರು ಮಾಡುವ ಕೆಲಸ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವಗಳದ್ದು. ನಡುವೆ ಬಿಡಿ ಕಬ್ಬಿಣ ಸಿಕ್ಕಿದರೆ ಪೆರಾಕ್ಸೈಡ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ರ‍್ಯಾಡಿಕಲ್ ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ, ಸಿಕ್ಕಿದ್ದಕ್ಕೆ ಎರಗುವ ಅಣು. ಇದಂತೂ ಹುಟ್ಟಿದ ಜಾಗದಲ್ಲೇ ಸುಟ್ಟು ಮುಗಿಸುವ ಜಾತಿ. ಯಕೃತ್ತಿಗೆ ಹೋಲಿಸಿದರೆ ಹೃದಯದಲ್ಲಿ ಕ್ಯಾಟಲೇಸ್ ತೀರಾ ಕಡಿಮೆ. ಹಾಗಾಗಿ ಪೆರಾಕ್ಸೈಡ್ ಕಡೆ ಹೃದಯ ಬಡಪಾಯಿಯೇ.

ಲ್ಯಾಬ್‌ನಲ್ಲಿ ಪೆಟ್ಟು ಕೊಡುವ ದಾರಿ ಮುಖ್ಯವಾಗಿ ಮೂರು. ಒಂದು, ಕೋಶ ಬೆಳೆಸುವ ಪೋಷಕ ದ್ರವಕ್ಕೆ, ಅಂದರೆ ಮೀಡಿಯಂಗೆ, ನೇರವಾಗಿ ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದು. ಅಗ್ಗ, ಬೇಗ, ಆದರೆ ಪೆಟ್ಟು ಹೊರಗಿನಿಂದ ಬರುತ್ತದೆ. ಎರಡು, ಆಮ್ಲಜನಕ ಕಡಿಮೆ ಮಾಡಿ ಮತ್ತೆ ಕೊಡುವುದು. ಮುಚ್ಚಿದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿ ಮಾಡಿ ತೆರೆದಾಗ ಹೃದಯಕ್ಕೆ ಆಗುವ ಹಾನಿಗೆ ಇದು ಹತ್ತಿರ. ಮೂರು, ಡಾಕ್ಸೋರುಬಿಸಿನ್. ಕ್ಯಾನ್ಸರಿಗೆ ಕೊಡುವ ಈ ಕೆಂಪು ಮದ್ದು ಹೃದಯಕ್ಕೆ ಕೆಟ್ಟದ್ದು ಅಂತ ಎಲ್ಲ ಆಂಕಾಲಜಿ ವಾರ್ಡಿಗೂ ಗೊತ್ತು. ಅದಕ್ಕೇ ಜೀವಮಾನದ ಒಟ್ಟು ಡೋಸಿಗೆ ಮಿತಿ ಇಟ್ಟಿದ್ದಾರೆ. ಇಲ್ಲಿ ಪೆಟ್ಟು ಒಳಗಿನದು. ಮೈಟೊಕಾಂಡ್ರಿಯ, ಕಬ್ಬಿಣ, ಡಿಎನ್‌ಎ ಬಿಚ್ಚುವ ಟೊಪೊಐಸೊಮರೇಸ್ ಕಿಣ್ವ ಎಲ್ಲವೂ ಅದರಲ್ಲಿ ಸೇರಿವೆ. ಗ್ಲೂಕೋಸ್ ಜಾಸ್ತಿ ಮಾಡಿ ಸಕ್ಕರೆ ಕಾಯಿಲೆಯ ಮಾದರಿ ಮಾಡುವವರೂ ಇದ್ದಾರೆ. ಅದು ನಿಧಾನ, ಪರಿಣಾಮ ಸಣ್ಣದು, ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಹೇಳುವುದಿಲ್ಲ.

ಈಗ ಕಣಗಳಿಗೆ ಬರೋಣ.

ಸೀರಿಯಂ ಆಕ್ಸೈಡ್: ಹೆಸರು ದೊಡ್ಡದು, ರಗಳೆಯೂ ದೊಡ್ಡದು

ಈ ಕ್ಷೇತ್ರದಲ್ಲಿ ಜಾಸ್ತಿ ಕೆಲಸ ಆಗಿರುವ ಕಣಗಳಲ್ಲಿ ನ್ಯಾನೋಸೀರಿಯಾ, ಅಂದರೆ ಸೀರಿಯಂ ಆಕ್ಸೈಡ್ ಕಣ, ಒಂದು. ಅದರ ಗುಟ್ಟು ಇಷ್ಟೇ. ಸೀರಿಯಂ 3+ ಮತ್ತು 4+ ಎರಡು ಸ್ಥಿತಿಗಳ ನಡುವೆ ಸುಲಭವಾಗಿ ಓಡಾಡುತ್ತದೆ. ಕಣದ ಮೈಮೇಲೆ ಆಮ್ಲಜನಕ ಇಲ್ಲದ ಖಾಲಿ ಜಾಗಗಳಿರುತ್ತವೆ. ಒಂದು ರ‍್ಯಾಡಿಕಲ್ ಹಿಡಿದು ಮುಗಿಸಿ, ಮತ್ತೆ ಮೊದಲಿನ ಸ್ಥಿತಿಗೆ ಬಂದು, ಇನ್ನೊಂದನ್ನು ಹಿಡಿಯಬಲ್ಲದು. ವಿಟಮಿನ್ ಸಿ ಒಂದು ಸಲ ಖರ್ಚಾದರೆ ಮುಗಿಯಿತು. ಸೀರಿಯಾ ಹಾಗಲ್ಲ. ಇದನ್ನು ಕಣ್ಣಲ್ಲೇ ನೋಡಬಹುದು. ಬಣ್ಣವಿಲ್ಲದ ಸಣ್ಣ ಕಣಗಳ ದ್ರಾವಣಕ್ಕೆ ಪೆರಾಕ್ಸೈಡ್ ಹಾಕಿದರೆ ಹಳದಿಯಾಗುತ್ತದೆ. ಬಿಟ್ಟರೆ ಕೆಲವು ದಿನಗಳಲ್ಲಿ ಆ ಬಣ್ಣ ತಿಳಿಯಾಗುತ್ತಾ ಹೋಗುತ್ತದೆ.

3+ ಜಾಸ್ತಿ ಇದ್ದರೆ ಅದು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸಿನಂತೆ ಕೆಲಸ ಮಾಡುತ್ತದೆ. 4+ ಜಾಸ್ತಿ ಇದ್ದರೆ ಕ್ಯಾಟಲೇಸಿನಂತೆ. ಕಣ ಸಣ್ಣದಾದಷ್ಟೂ 3+ ಪಾಲು ಏರುತ್ತದೆ. ಹಾಗಾಗಿ "ಸೀರಿಯಂ ಆಕ್ಸೈಡ್ ಹಾಕಿದೆ" ಅಂದರೆ ಅರ್ಧ ಮಾಹಿತಿ ಅಷ್ಟೇ. ಯಾವ ಗಾತ್ರದ್ದು, 3+ ಎಷ್ಟು ಅಂತ ಹೇಳದಿದ್ದರೆ ನೀವು ಯಾವ ಕಿಣ್ವದ ನಕಲು ಹಾಕಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಪೆರಾಕ್ಸೈಡ್ ಪೆಟ್ಟು ಕೊಡುವವರು 3+ ಜಾಸ್ತಿ ಇರುವ ಕಣ ತಂದು, ಫಲಿತಾಂಶ ಬರಲಿಲ್ಲ ಅಂತ ಕೂರುವುದು ಇದರಿಂದಲೇ. ಈ ಪಾಲನ್ನು ಅಳೆಯಲು ಎಕ್ಸ್‌ಪಿಎಸ್ ಯಂತ್ರ ಬೇಕು. ಅದು ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಲ್ಯಾಬ್ ಯಂತ್ರಗಳನ್ನು ಹಂಚಿಕೊಳ್ಳುವ ಸರಕಾರಿ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಎಲ್ಲಿ ಸಿಗುತ್ತದೆ ನೋಡಿ, ಸಮಯ ಕಾದಿರಿಸಿಕೊಂಡ ಮೇಲೆಯೇ ಸೀರಿಯಾ ಕೆಲಸಕ್ಕೆ ಕೈ ಹಾಕಿ.

ಹೃದಯದ ಕೋಶದಲ್ಲಿ ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. 2007ರಲ್ಲೇ, ಹೃದಯಸ್ನಾಯು ದುರ್ಬಲವಾಗುವಂತೆ ಮಾಡಿದ ಇಲಿಗಳಲ್ಲಿ ನ್ಯಾನೋಸೀರಿಯಾ ಹಾನಿಯನ್ನು ತಗ್ಗಿಸಿದ ವರದಿ ಬಂತು. 2012ರಲ್ಲಿ ಇಲಿಯ ಹೃದಯದಿಂದ ತೆಗೆದ ಮೂಲಕೋಶಗಳಿಗೆ ಮಿಲಿಲೀಟರಿಗೆ 5, 10, 50 ಮೈಕ್ರೋಗ್ರಾಂ ಕಣ ಕೊಟ್ಟು 24 ಗಂಟೆ ಬಿಟ್ಟರು. ಕಣ ಒಳಗೆ ಹೋಯಿತು, ಕೋಶಕ್ಕೆ ತೊಂದರೆ ಆಗಲಿಲ್ಲ, ಪೆರಾಕ್ಸೈಡಿನಿಂದ ರಕ್ಷಣೆ ಕನಿಷ್ಠ 7 ದಿನ ಉಳಿಯಿತು. ಒಂದು ಸಲ ಕೊಟ್ಟರೆ ವಾರ ಉಳಿಯುವ ಗುಣ ಬೇರೆ ಕಣದಲ್ಲಿ ಹುಡುಕುವುದು ಕಷ್ಟ.

ಇನ್ನು ರಗಳೆ. ಸೀರಿಯಂಗೆ ಫಾಸ್ಫೇಟ್ ಕಂಡರೆ ಬಿಡಲಾಗದ ಪ್ರೀತಿ. ನಮ್ಮ ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೊನಜೈಟ್ ಇದೆ ಅಂತ ಕೇಳಿರುತ್ತೀರಿ. ಅಲ್ಲಿನ ಹಿನ್ನೆಲೆ ವಿಕಿರಣ ಸ್ವಲ್ಪ ಜಾಸ್ತಿ ಇರುವುದಕ್ಕೆ ಅದರೊಳಗಿನ ಥೋರಿಯಂ ಕಾರಣ. ಆ ಮೊನಜೈಟ್ ಅಂದರೆ ಮುಖ್ಯವಾಗಿ ಸೀರಿಯಂ ಫಾಸ್ಫೇಟೇ. ಕೋಟಿಗಟ್ಟಲೆ ವರ್ಷ ಕರಗದೆ ಉಳಿಯುವಷ್ಟು ಗಟ್ಟಿ ನಂಟು ಅದು. ನಿಮ್ಮ ಪೆಟ್ರಿ ಡಿಶ್‌ನಲ್ಲೂ ಅದೇ ನಡೆಯುತ್ತದೆ. ಫಾಸ್ಫೇಟ್ ಇರುವ ಉಪ್ಪುನೀರು ಪಿಬಿಎಸ್‌ನಲ್ಲಿ ಕಣ ಕಲಸಿ ಇಟ್ಟರೆ ಮೈಮೇಲಿನ 3+ ಸೀರಿಯಂ ಫಾಸ್ಫೇಟಿಗೆ ಅಂಟಿಕೊಳ್ಳುತ್ತದೆ, ಡಿಸ್ಮ್ಯುಟೇಸ್ ಗುಣ ಕುಸಿಯುತ್ತದೆ. ಸ್ಟಾಕ್ ದ್ರಾವಣವನ್ನು ಶುದ್ಧ ನೀರಿನಲ್ಲೇ ಇಡಿ. ಬಳಸುವ ಹೊತ್ತಿಗೆ ಮಾತ್ರ ಮೀಡಿಯಂಗೆ ಸೇರಿಸಿ. ಮೀಡಿಯಂನಲ್ಲೂ ಫಾಸ್ಫೇಟ್ ಇದೆ, ಅದನ್ನು ಪೂರ್ತಿ ತಪ್ಪಿಸಲಾಗದು. ಡೆಕ್ಸ್ಟ್ರಾನ್ ಅಥವಾ ಪಿಇಜಿ ಲೇಪನ ಮಾಡಿದರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದಾದರೂ ಕಡಿಮೆಯಾಗುತ್ತದೆ.

ಇನ್ನೊಂದು ಸಂಗತಿ. ಆಮ್ಲೀಯ ವಾತಾವರಣದಲ್ಲಿ ಸೀರಿಯಾ ತಿರುಗಿ ಬೀಳಬಹುದು. ಪಿಎಚ್ ಇಳಿದಾಗ ಅದು ಆಕ್ಸಿಡೇಸ್ ಥರ, ಅಂದರೆ ಬೇರೆಯದನ್ನು ಆಕ್ಸಿಡೀಕರಿಸುವ ಕಿಣ್ವದ ಥರ, ವರ್ತಿಸುತ್ತದೆ ಅಂತ 2009ರಲ್ಲೇ ತೋರಿಸಿದ್ದಾರೆ. ಕೋಶ ನುಂಗಿದ ಕಣ ಕೋಶದ ಅರಗಿಸುವ ಚೀಲ ಲೈಸೊಸೋಮಿನಲ್ಲಿ ಕೂತರೆ ಅಲ್ಲಿನ ಪಿಎಚ್ ಕಡಿಮೆಯೇ. ರಕ್ತ ಸಿಗದ ಹೃದಯದ ಭಾಗದಲ್ಲೂ ಪಿಎಚ್ ಇಳಿಯುತ್ತದೆ. ಡೋಸ್ ಏರಿಸಿದಂತೆ ರಕ್ಷಣೆ ಏರುತ್ತದೆ ಅಂತ ಭಾವಿಸಬೇಡಿ. ಮುಂದೆ ಇಲಿಗೆ ಕೊಡುವ ಯೋಜನೆ ಇದ್ದರೆ ಇದನ್ನೂ ನೆನಪಿಡಿ: ಸೀರಿಯಾ ಕರಗುವುದಿಲ್ಲ. ರಕ್ತಕ್ಕೆ ಹಾಕಿದ್ದರಲ್ಲಿ ಹೆಚ್ಚಿನ ಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಹೋಗಿ ಕೂರುತ್ತದೆ, ತುಂಬಾ ಕಾಲ ಅಲ್ಲೇ ಇರುತ್ತದೆ.

ಸೆಲೆನಿಯಂ: ಹೃದಯದ ಜೊತೆ ಹಳೆಯ ಸಂಬಂಧ

ಚೀನಾದ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದ ಕೇಶಾನ್ ಎಂಬಲ್ಲಿ 1935ರಲ್ಲಿ ಒಂದು ವಿಚಿತ್ರ ಹೃದಯಕಾಯಿಲೆ ಕಾಣಿಸಿಕೊಂಡಿತು. ಮಕ್ಕಳು, ಹೆಂಗಸರು ಜಾಸ್ತಿ ಸತ್ತರು. ಆ ಮಣ್ಣಿನಲ್ಲಿ ಸೆಲೆನಿಯಂ ತೀರಾ ಕಡಿಮೆ, ಹಾಗಾಗಿ ಅನ್ನದಲ್ಲೂ ಕಡಿಮೆ ಅಂತ ಆಮೇಲೆ ತಿಳಿಯಿತು. ಸೆಲೆನಿಯಂ ಕೊಟ್ಟ ಮೇಲೆ ಕಾಯಿಲೆ ಇಳಿಯಿತು. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದ ಕೆಲಸ ಮಾಡುವ ಭಾಗದಲ್ಲೇ ಸೆಲೆನಿಯಂ ಇದೆ ಅಂತ 1973ರಲ್ಲಿ ಗೊತ್ತಾದಾಗ ಎಲ್ಲ ಜೋಡಣೆಯಾಯಿತು. ಬೇರೆ ಯಾವ ಕಣಕ್ಕೂ ಹೃದಯದ ಜೊತೆ ಇಂಥ ಸಂಬಂಧ ಇಲ್ಲ. ಥೀಸಿಸ್ ಮುನ್ನುಡಿ ಬರೆಯಲು ಇದಕ್ಕಿಂತ ಸುಲಭದ ವಿಷಯ ಸಿಗಲ್ಲ!

ಮಾಡುವುದೂ ಸುಲಭ. ಸೋಡಿಯಂ ಸೆಲೆನೈಟಿಗೆ ಆಸ್ಕಾರ್ಬಿಕ್ ಆಮ್ಲ ಹಾಕಿದರೆ ಬಣ್ಣವಿಲ್ಲದ ದ್ರಾವಣ ಕಿತ್ತಳೆಯಾಗಿ, ಕೆಂಪಾಗುತ್ತದೆ. ಜೊತೆಗೆ ಅಲ್ಬುಮಿನ್ ಅಥವಾ ಕೈಟೋಸಾನ್ ಇದ್ದರೆ ಕಣ ನಿಲ್ಲುತ್ತದೆ. ಬಿಸಿ ತಾಗಿಸಿದರೆ ಅಥವಾ ಲೇಪನ ಇಲ್ಲದೆ ಬಿಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಎಸೆಯಿರಿ. ಕೈಟೋಸಾನ್ ವಿಷಯಕ್ಕೆ ಒಂದು ಮಾತು. ಮಲ್ಪೆಯಲ್ಲಿ ಸಿಗಡಿ ಸಿಪ್ಪೆ ರಾಶಿ ಬಿದ್ದಿರುತ್ತದೆ, ನಾವೇ ಕೈಟೋಸಾನ್ ತೆಗೆಯೋಣ ಅಂತ ಉತ್ಸಾಹ ಬರುವುದು ಸಹಜ. ಬೇರೆ ಪ್ರಾಜೆಕ್ಟಿಗೆ ಅದು ಚೆನ್ನ. ಕೋಶದ ಕೆಲಸಕ್ಕೆ ಬೇಡ. ಅಣುತೂಕ ಒಂದೇ ಸಮ ಇರುವುದಿಲ್ಲ, ಬ್ಯಾಕ್ಟೀರಿಯದ ಎಂಡೊಟಾಕ್ಸಿನ್ ವಿಷ ಸೇರಿರುತ್ತದೆ. ಆಮೇಲೆ ಕೋಶ ಸತ್ತದ್ದು ಯಾವುದರಿಂದ ಅಂತ ತಲೆ ಕೆರೆದುಕೊಳ್ಳಬೇಕು.

ಸೆಲೆನಿಯಂ ಕೆಲಸ ಮಾಡುವ ರೀತಿ ಸೀರಿಯಾಕ್ಕಿಂತ ಬೇರೆ. ಅದು ತಾನೇ ನಿಂತು ಹೋರಾಡುವುದು ಕಡಿಮೆ. ಕೋಶ ಅದನ್ನು ಒಳಗೆ ಎಳೆದುಕೊಂಡು, ಒಡೆದು, ತನ್ನದೇ ಸೆಲೆನಿಯಂ ಪ್ರೋಟೀನುಗಳನ್ನು ಕಟ್ಟಿಕೊಳ್ಳಬೇಕು. ಅದಕ್ಕೆ ಸಮಯ ಬೇಕು. ಪೆಟ್ಟು ಕೊಡುವುದಕ್ಕೆ ಒಂದು ಗಂಟೆ ಮೊದಲು ಕಣ ಹಾಕಿ ಫಲ ನಿರೀಕ್ಷಿಸಿದರೆ ಆಗದು. ಹಿಂದಿನ ದಿನವೇ ಹಾಕಿ. ಪೆಟ್ಟು ಬಿದ್ದ ಮೇಲೆ ಕಾಪಾಡುವ ಮದ್ದು ಬೇಕೆಂದರೆ ಸೆಲೆನಿಯಂ ಸರಿಯಾದ ಆಯ್ಕೆ ಅಲ್ಲ.

ಇಲ್ಲೊಂದು ಬಲೆ ಇದೆ. ನಾವು ಬಳಸುವ ಡಿಎಂಇಎಂ ಮೀಡಿಯಂನಲ್ಲಿ ಸೆಲೆನಿಯಂ ಸೇರಿಸಿರುವುದಿಲ್ಲ. ಕೋಶಕ್ಕೆ ಸಿಗುವುದೆಲ್ಲ ರಕ್ತದಿಂದ ತೆಗೆದ ಸೀರಂನಿಂದ ಬಂದದ್ದು, ಅದೂ ನೂರಕ್ಕೆ ಹತ್ತು ಪಾಲು ಸೀರಂ ಹಾಕಿದರೆ ಸ್ವಲ್ಪವೇ. ಅಂದರೆ ನಮ್ಮ ಫ್ಲಾಸ್ಕಿನ ಕೋಶಗಳು ಮೊದಲೇ ಕೇಶಾನ್ ಸ್ಥಿತಿಯಲ್ಲಿವೆ. ಯಾವ ರೂಪದ ಸೆಲೆನಿಯಂ ಹಾಕಿದರೂ ಅವು ಚುರುಕಾಗುತ್ತವೆ. ಆ ಲಾಭ ನ್ಯಾನೋ ಕಣದ್ದೋ, ಬರೀ ಕೊರತೆ ತುಂಬಿದ್ದರಿಂದ ಬಂದದ್ದೋ? ಅಷ್ಟೇ ಸೆಲೆನಿಯಂ ಇರುವ ಸೋಡಿಯಂ ಸೆಲೆನೈಟನ್ನು ಒಂದು ಗುಂಪಿಗೆ ಹಾಕಿದರೆ ಮಾತ್ರ ಉತ್ತರ ಸಿಗುತ್ತದೆ. ಈ ಗುಂಪಿಲ್ಲದ ಸೆಲೆನಿಯಂ ಪೇಪರನ್ನು ನಾನು ಪೂರ್ತಿ ನಂಬುವುದಿಲ್ಲ.

ಡೋಸ್ ವಿಷಯದಲ್ಲಿ ಸೆಲೆನಿಯಂ ಕಟ್ಟುನಿಟ್ಟು. ಮನುಷ್ಯರಿಗೇ ನೋಡಿ, ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ ಬೇಕಾದ್ದು 55 ಮೈಕ್ರೋಗ್ರಾಂ, ದಾಟಬಾರದ ಗೆರೆ 400. ಅಂತರ ಅಷ್ಟೇ. ನ್ಯಾನೋ ರೂಪ ಸೆಲೆನೈಟಿಗಿಂತ ಸೌಮ್ಯ ಅನ್ನುವುದು ನಿಜ, ಆದರೂ ಕೋಶಕ್ಕೆ ಕಡಿಮೆಯಿಂದ ಶುರು ಮಾಡಿ, ಹತ್ತಿರ ಹತ್ತಿರದ ಡೋಸುಗಳನ್ನು ಪರೀಕ್ಷಿಸಿ.

ಕರ್ಕ್ಯುಮಿನ್ ತುಂಬಿದ ಪಾಲಿಮರ್ ಕಣ: ಫಾರ್ಮಸಿಯವರ ಮನೆ ಅಡುಗೆ

ಇಲ್ಲಿ ಕಣ ಬರೀ ಗಾಡಿ, ಕೆಲಸ ಮಾಡುವುದು ಒಳಗಿನ ಕರ್ಕ್ಯುಮಿನ್. ಗಾಡಿ ಯಾಕೆ ಬೇಕು ಅನ್ನುವುದಕ್ಕೆ 1997ರ ಒಂದು ಲೆಕ್ಕ ಸಾಕು. ಸೀರಂ ಇಲ್ಲದ, ಪಿಎಚ್ 7.2 ಇರುವ ಫಾಸ್ಫೇಟ್ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ, ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಒಡೆದುಹೋಗುತ್ತದೆ. ಪಿಎಲ್‌ಜಿಎ ಪಾಲಿಮರ್ ಒಳಗೆ ಇಟ್ಟರೆ ಉಳಿಯುತ್ತದೆ, ನಿಧಾನಕ್ಕೆ ಹೊರಬರುತ್ತದೆ. ಪಿಎಲ್‌ಜಿಎ ತಾನು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲವಾಗಿ ಒಡೆದು ಮುಗಿಯುತ್ತದೆ. ಮನುಷ್ಯರಿಗೆ ಕೊಡುವ ಇಂಜೆಕ್ಷನ್‌ಗಳಲ್ಲಿ ಅದು ಆಗಲೇ ಇದೆ. ಮುಂದೆ ಪ್ರಾಣಿ ಪ್ರಯೋಗ, ಆಮೇಲೆ ಇನ್ನೂ ಮುಂದೆ ಅಂತ ಯೋಚಿಸುವವರಿಗೆ ಇದು ದೊಡ್ಡ ಅನುಕೂಲ.

ಕರ್ಕ್ಯುಮಿನ್ ರ‍್ಯಾಡಿಕಲ್ ಹಿಡಿಯುವುದಕ್ಕಿಂತ ಜಾಸ್ತಿ, ಎನ್‌ಆರ್‌ಎಫ್2 ಎಂಬ ಸ್ವಿಚ್ಚನ್ನು ಒತ್ತಿ ಕೋಶದ ಸ್ವಂತ ರಕ್ಷಣೆಯನ್ನು ಎಬ್ಬಿಸುತ್ತದೆ. ಡಾಕ್ಸೋರುಬಿಸಿನ್ ಥರದ ಒಳಗಿನ, ನಿಧಾನದ ಪೆಟ್ಟಿಗೆ ಇದು ಹೊಂದುತ್ತದೆ.

ತೊಂದರೆ ಏನೆಂದರೆ ಕರ್ಕ್ಯುಮಿನ್ ತಾನೇ ಹೊಳೆಯುತ್ತದೆ. ಅದರ ಹಸಿರು ಹೊಳಪು, ಕೋಶದೊಳಗಿನ ಒತ್ತಡ ಅಳೆಯುವ ಡಿಸಿಎಫ್ ಬಣ್ಣದ ಹೊಳಪಿನ ಜಾಗಕ್ಕೇ ಬಂದು ಬೀಳುತ್ತದೆ. ಒತ್ತಡ ಇಳಿದಿದ್ದರೂ ಏರಿದಂತೆ ಕಾಣಬಹುದು. ಡಾಕ್ಸೋರುಬಿಸಿನ್ ಕೆಂಪಾಗಿ ಹೊಳೆದು, ಮೈಟೊಕಾಂಡ್ರಿಯದ ಸೂಪರ್ ಆಕ್ಸೈಡ್ ತೋರಿಸುವ ಮೈಟೊಸಾಕ್ಸ್ ಬಣ್ಣದ ಜೊತೆ ಕಲೆಯುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬಣ್ಣದ ಪರೀಕ್ಷೆಯನ್ನೇ ನಂಬಿದರೆ ಕಥೆ ಮುಗೀತು. ಅಂಥವರು ಎಲ್‌ಡಿಎಚ್ ಸೋರಿಕೆ (ಹಾನಿಯಾದ ಕೋಶದಿಂದ ಹೊರಬರುವ ಕಿಣ್ವ), ಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ಮಟ್ಟ, ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟ್ ಕಡೆ ಹೋಗುವುದು ಕ್ಷೇಮ.

ಮತ್ತೆ, ಖಾಲಿ ಪಿಎಲ್‌ಜಿಎ ಕಣದ ಗುಂಪು ಬೇಕೇ ಬೇಕು. ಫ್ರೀಜ್ ಡ್ರೈ ಮಾಡಿದ ಪುಡಿಯನ್ನು ನಮ್ಮ ಜೂನ್–ಜುಲೈ ಗಾಳಿಯಲ್ಲಿ ಒಂದು ನಿಮಿಷ ತೆರೆದಿಟ್ಟರೂ ತೇವ ಎಳೆದುಕೊಂಡು ಅಂಟಾಗುತ್ತದೆ. ಸಣ್ಣ ಸಣ್ಣ ಬಾಟಲಿಗಳಲ್ಲಿ ಹಂಚಿ, ಸಿಲಿಕಾ ಜೆಲ್ ಜೊತೆ ಇಡಿ.

ಎಲೆ ರಸದ ಬೆಳ್ಳಿ: ದಯವಿಟ್ಟು ಬೇಡ

ಇದನ್ನು ಹೇಳಿದರೆ ಕೆಲವರಿಗೆ ಬೇಸರ ಆಗಬಹುದು. ಕರಾವಳಿಯಲ್ಲಿ ಗಿಡಗಳಿಗೆ ಬರ ಇಲ್ಲ. ಯಾವುದೋ ಎಲೆಯ ರಸ, ಸಿಲ್ವರ್ ನೈಟ್ರೇಟ್, ಬಣ್ಣ ಕಂದು, ನ್ಯಾನೋ ಕಣ ರೆಡಿ. ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ಹೋಗಿ ಹಳದಿ ಬಂದರೆ "ಆಂಟಿಆಕ್ಸಿಡೆಂಟ್" ಅಂತ ಬರೆಯುತ್ತಾರೆ. ಆ ಗುಣ ಬೆಳ್ಳಿಯದ್ದಲ್ಲ ಮಾರಾಯ್ರೇ, ಅದಕ್ಕೆ ಅಂಟಿಕೊಂಡ ಎಲೆಯ ಪಾಲಿಫಿನಾಲ್‌ಗಳದ್ದು. ಡಿಪಿಪಿಎಚ್ ನಮ್ಮ ಮೈಯಲ್ಲಿ ಎಲ್ಲೂ ಇಲ್ಲದ ರ‍್ಯಾಡಿಕಲ್. ಆ ಪರೀಕ್ಷೆ ನಡೆಯುವುದೂ ಹೆಚ್ಚಾಗಿ ಮೆಥನಾಲ್‌ನಲ್ಲಿ. ಕೋಶದೊಳಗೆ ಬೆಳ್ಳಿ ಕರಗಿ ಅಯಾನು ಬಿಡುತ್ತದೆ, ಗ್ಲುಟಾಥಯೋನ್‌ನ ಗಂಧಕಕ್ಕೆ ಅಂಟುತ್ತದೆ, ಕೋಶದ ರಕ್ಷಣೆಯನ್ನೇ ಖಾಲಿ ಮಾಡುತ್ತದೆ. ಬ್ಯಾಕ್ಟೀರಿಯ ಕೊಲ್ಲಲು ಬಳಸುವ ಲೋಹವನ್ನು ಹೃದಯ ಕಾಯಲು ಕಳುಹಿಸುವುದು ಯಾವ ನ್ಯಾಯ?

ಚಿನ್ನ ಬೆಳ್ಳಿಯಷ್ಟು ಕೆಟ್ಟದ್ದಲ್ಲ, ಆದರೆ ತಾನಾಗಿ ಆಂಟಿಆಕ್ಸಿಡೆಂಟ್ ಆಗಿ ಅಂಥ ದೊಡ್ಡ ಕೆಲಸವನ್ನೂ ಮಾಡುವುದಿಲ್ಲ. ಕ್ಲೋರೋ ಆರಿಕ್ ಆಮ್ಲದ ಬಿಲ್ ನೋಡಿದರೆ ಗೈಡ್‌ಗೇ ಎದೆ ಹಿಡಿಯುತ್ತದೆ.

ನಮ್ಮೂರಿನ ಗಿಡವೇ ಬೇಕು ಅನ್ನುವವರಿಗೆ ದಾರಿ ಇದೆ. ಪುನರ್ಪುಳಿ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಆಂಟಿಆಕ್ಸಿಡೆಂಟ್ ಇದೆ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಅಂದರೆ ಪಾಲಿಮರ್ ಗಾಡಿಗೆ ಹೇಳಿ ಮಾಡಿಸಿದ ಸರಕು. ಶುದ್ಧ ಗಾರ್ಸಿನಾಲ್ ಅನ್ನು ಪಿಎಲ್‌ಜಿಎಯಲ್ಲಿ ತುಂಬಿ ನೋಡುವುದು, ಪುನರ್ಪುಳಿ ರಸದಲ್ಲಿ ಬೆಳ್ಳಿ ಮಾಡುವುದಕ್ಕಿಂತ ಎಷ್ಟೋ ಮೇಲು. ಒಂದು ಎಚ್ಚರ ಇರಲಿ: ಕೆಲವು ಪಾಲಿಫಿನಾಲ್‌ಗಳು ಡಿಎಂಇಎಂನಲ್ಲಿ ತಾವೇ ಆಕ್ಸಿಡೀಕರಣಗೊಂಡು ಪೆರಾಕ್ಸೈಡ್ ಹುಟ್ಟಿಸುತ್ತವೆ. ಆ ಸಣ್ಣ ಪೆಟ್ಟಿನಿಂದ ಕೋಶ ಎಚ್ಚೆತ್ತು, ಮುಂದಿನ ದೊಡ್ಡ ಪೆಟ್ಟನ್ನು ತಾಳುತ್ತದೆ. ನೋಡುವವರಿಗೆ ಅದು ಆಂಟಿಆಕ್ಸಿಡೆಂಟ್ ಗುಣದಂತೆಯೇ ಕಾಣುತ್ತದೆ.

ಉಳಿದವು

ಪ್ರಷ್ಯನ್ ಬ್ಲೂ ಕಣ ನನಗೆ ಇಷ್ಟ. ಅಗ್ಗ, ಮಾಡಲು ಸುಲಭ, ಹಲವು ಕಿಣ್ವಗಳ ಕೆಲಸ ಒಂದರಲ್ಲೇ. ದೊಡ್ಡ ಕಣದ ರೂಪದಲ್ಲಿ ಇದು ಸೀಸಿಯಂ, ಥಾಲಿಯಂ ವಿಷಕ್ಕೆ ಬಾಯಿಯಿಂದ ಕೊಡುವ ಮದ್ದು. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿದೆ. ಕ್ಷಾರೀಯ ದ್ರಾವಣದಲ್ಲಿ ಒಡೆಯುತ್ತದೆ, ಬಲವಾದ ಆಮ್ಲದ ಜೊತೆ ಬೆರೆಸಬಾರದು, ಒಳಗೆ ಸಯನೈಡ್ ಇದೆ. ಕಣದ ಕಡು ನೀಲಿ, ಬಣ್ಣ ನೋಡಿ ಮಾಡುವ ಪರೀಕ್ಷೆಗಳಿಗೆ ಅಡ್ಡಿ.

ಪಾಲಿಡೋಪಮೈನ್ ಕಣ ಟ್ರಿಸ್ ಬಫರ್‌ನಲ್ಲಿ, ಪಿಎಚ್ 8.5ರಲ್ಲಿ ಡೋಪಮೈನ್ ಕಲಕಿಟ್ಟರೆ ತಾನಾಗಿ ಆಗುತ್ತದೆ. ಕಪ್ಪು ಮೆಲನಿನ್ ಜಾತಿಯದು, ಚೆನ್ನಾಗಿ ಕೆಲಸ ಮಾಡುತ್ತದೆ, ಬದುಕಿರುವ ಕೋಶ ಎಷ್ಟು ಅಂತ ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯನ್ನು ಪೂರ್ತಿ ಹಾಳು ಮಾಡುತ್ತದೆ. ಬೊಂಡಾಸ್‌ನ ಬಳಗದ ಕಟ್ಲ್‌ಫಿಶ್ ಶಾಯಿಯಿಂದಲೂ ಮೆಲನಿನ್ ಕಣ ತೆಗೆಯುತ್ತಾರೆ. ನಮ್ಮ ಬಂದರುಗಳಿಗೆ ಒಪ್ಪುವ ವಿಷಯ, ಯಾರಾದರೂ ಮಾಡಿದರೆ ಖುಷಿ.

ವನಾಡಿಯಂ ಮತ್ತು ಮ್ಯಾಂಗನೀಸ್ ಕಣಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಅವರ ತಂಡ ಮಾಡಿದ ಕೆಲಸ ಪ್ರಸಿದ್ಧ. 2014ರಲ್ಲಿ ಅವರು ವನಾಡಿಯಂ ಪೆಂಟಾಕ್ಸೈಡಿನ ನ್ಯಾನೋ ತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಥರ ಕೆಲಸ ಮಾಡುವುದನ್ನು ತೋರಿಸಿದರು. ಹೃದಯದ ಪೆಟ್ಟು ಹೆಚ್ಚಾಗಿ ಪೆರಾಕ್ಸೈಡಿನದೇ ಆದ್ದರಿಂದ ಯೋಚನೆ ಆಕರ್ಷಕ. ಆದರೆ ಮಾಮೂಲಿ ವನಾಡಿಯಂ ಪೆಂಟಾಕ್ಸೈಡ್ ವಿಷ. ಮಾಡುವ ರೀತಿಯಲ್ಲಿ ಸ್ವಲ್ಪ ತಪ್ಪಿದರೂ ಕಣದ ಗುಣ ಬದಲಾಗುತ್ತದೆ. ಮೆಟೀರಿಯಲ್ಸ್ ಲ್ಯಾಬಿನ ಆಸರೆ ಇಲ್ಲದೆ ಹೋಗಬೇಡಿ.

ಹೊರಗೋ, ಒಳಗೋ?

ಯಾವ ಕಣ ಆರಿಸಿದರೂ ಈ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಕಣ ಮೀಡಿಯಂನಲ್ಲಿ ತೇಲುತ್ತಿರುವಾಗಲೇ ಪೆರಾಕ್ಸೈಡ್ ಹಾಕಿದರೆ, ಅದು ಕೋಶ ಮುಟ್ಟುವ ಮೊದಲೇ ಕಣ ಅದನ್ನು ಮುಗಿಸುತ್ತದೆ. ಕೋಶ ಬದುಕುತ್ತದೆ, ಗ್ರಾಫ್ ಚಂದ ಬರುತ್ತದೆ. ಆದರೆ ನೀವು ತೋರಿಸಿದ್ದು ತಟ್ಟೆಯಲ್ಲಿ ನಡೆದ ರಸಾಯನಶಾಸ್ತ್ರ, ಹೃದಯಕೋಶದ ರಕ್ಷಣೆ ಅಲ್ಲ. ಕಣ ಹಾಕಿ, ಕೋಶ ನುಂಗಲು ಬಿಟ್ಟು, ಚೆನ್ನಾಗಿ ತೊಳೆದು, ಆಮೇಲೆ ಪೆಟ್ಟು ಕೊಡಿ. ತೊಳೆದ ಮತ್ತು ತೊಳೆಯದ ಎರಡೂ ಗುಂಪು ಇಟ್ಟರೆ ಇನ್ನೂ ಒಳ್ಳೆಯದು. ಸೀರಿಯಾ, ಪ್ರಷ್ಯನ್ ಬ್ಲೂ ಎರಡಕ್ಕೂ ಇದು ಜೀವನ್ಮರಣದ ಪರೀಕ್ಷೆ. ಸೆಲೆನಿಯಂಗೆ ಅಷ್ಟು ತೊಂದರೆ ಇಲ್ಲ.

ಮೀಡಿಯಂ ಬಾಟಲಿಯ ಮೇಲೆ ಸೋಡಿಯಂ ಪೈರುವೇಟ್ ಇದೆಯಾ ನೋಡಿ. ಪೈರುವೇಟ್ ಪೆರಾಕ್ಸೈಡಿನ ಜೊತೆ ನೇರವಾಗಿ ವರ್ತಿಸಿ ಅದನ್ನು ತಿಂದುಹಾಕುತ್ತದೆ. ಒಂದು ಲ್ಯಾಬಿನಲ್ಲಿ ಕೋಶ ಸಾಯಿಸಿದ ಡೋಸ್ ಪಕ್ಕದ ಲ್ಯಾಬಿನಲ್ಲಿ ಏನೂ ಮಾಡದಿರಲು ಎಷ್ಟೋ ಸಲ ಇದೇ ಕಾರಣ. ಪೆರಾಕ್ಸೈಡ್ ಬಾಟಲಿಯ ಲೇಬಲ್ ಕೂಡ ನಂಬಬೇಡಿ. ನಮ್ಮ ಸೆಕೆಗೆ ಹಳೆಯ ಬಾಟಲಿಯ ಶಕ್ತಿ ಇಳಿದಿರುತ್ತದೆ. 240 ನ್ಯಾನೋಮೀಟರಿನಲ್ಲಿ ಹೀರಿಕೆ ಅಳೆದು, 43.6ರಿಂದ ಭಾಗಿಸಿದರೆ ಮೋಲಾರ್ ಲೆಕ್ಕ ಸಿಗುತ್ತದೆ. ಪ್ರತಿ ಪ್ರಯೋಗದ ಬೆಳಿಗ್ಗೆ ಎರಡು ನಿಮಿಷದ ಕೆಲಸ ಅಷ್ಟೇ.

ಎಂಟಿಟಿಯನ್ನು ಕೋಶವೇ ಇಲ್ಲದ ತಟ್ಟೆಯ ಕುಳಿಗಳಲ್ಲಿ, ಬರೀ ಕಣದ ಜೊತೆ ಒಮ್ಮೆ ಮಾಡಿ. ಬಣ್ಣ ಬಂದರೆ ಕಣವೇ ಎಂಟಿಟಿಯನ್ನು ಅಪಕರ್ಷಿಸುತ್ತಿದೆ ಅಂತ ಅರ್ಥ. ಆಗ ಬೇರೆ ಪರೀಕ್ಷೆ ಹುಡುಕಿ.

ಕೋಶ ಯಾವುದು?

ಹೆಚ್ಚಿನವರು ಎಚ್9ಸಿ2 ತರುತ್ತಾರೆ. ಪುಣೆಯ ಎನ್‌ಸಿಸಿಎಸ್ ಕೋಶಭಂಡಾರದಿಂದ ತರಿಸುವುದು ರೂಢಿ. ಇಲಿ ಭ್ರೂಣದ ಹೃದಯದಿಂದ ಬಂದ ಈ ಕೋಶಗಳ ಬಗ್ಗೆ ಕೈಮ್ಸ್ ಮತ್ತು ಬ್ರಾಂಟ್ 1976ರಲ್ಲಿ ಬರೆದರು. ಇವು ಬಡಿಯುವುದಿಲ್ಲ. ತುಂಬಾ ದಟ್ಟವಾಗಲು ಬಿಟ್ಟರೆ ಒಂದಕ್ಕೊಂದು ಸೇರಿ ಮಾಂಸಖಂಡದ ಕೋಶದಂತೆ ಆಗುತ್ತವೆ. ಸೀರಂ ಕಡಿಮೆ ಮಾಡಿ ರೆಟಿನೋಯಿಕ್ ಆಮ್ಲ ಕೊಟ್ಟರೆ ಹೃದಯದ ಗುಣ ಸ್ವಲ್ಪ ಜಾಸ್ತಿಯಾಗುತ್ತದೆ. ಗ್ಲೂಕೋಸ್ ತುಂಬಿದ ಮೀಡಿಯಂನಲ್ಲಿ ಇವು ಸಕ್ಕರೆ ಒಡೆದೇ ಬದುಕುವುದರಿಂದ ಮೈಟೊಕಾಂಡ್ರಿಯದ ಮೇಲಿನ ಪೆಟ್ಟು ಮರೆಯಾಗಬಹುದು. ಮೈಟೊಕಾಂಡ್ರಿಯವೇ ನಿಮ್ಮ ವಿಷಯವಾದರೆ ಗ್ಯಾಲಕ್ಟೋಸ್ ಮೀಡಿಯಂನಲ್ಲಿ ಒಮ್ಮೆ ನೋಡಿ. ನವಜಾತ ಇಲಿಗಳ ಹೃದಯಕೋಶ ನಿಜಕ್ಕೂ ಬಡಿಯುತ್ತದೆ. ಅದಕ್ಕೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪಿಎಚ್‌ಡಿಯವರು ಮೊದಲ ವರ್ಷವೇ ಅರ್ಜಿ ಹಾಕಿ. ಕೋಶ ತರಿಸುವುದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಆ ಮೂರ್ನಾಲ್ಕು ತಿಂಗಳು ಇಂಕ್ಯುಬೇಟರ್‌ನ ನೀರಿನ ತಟ್ಟೆಯಲ್ಲೂ ಫಂಗಸ್ ಹೂ ಬಿಡುತ್ತದೆ.

ಹಾಗಾದರೆ ಯಾವುದು?

ಆರು ತಿಂಗಳ ಎಂಎಸ್ಸಿ ಪ್ರಾಜೆಕ್ಟ್, ಸಾಮಾನ್ಯ ಲ್ಯಾಬ್, ಪೆರಾಕ್ಸೈಡ್ ಪೆಟ್ಟು: ಸೆಲೆನಿಯಂ. ಸೆಲೆನೈಟ್ ಗುಂಪನ್ನು ಮರೆಯಬೇಡಿ. ಫಲಿತಾಂಶ "ಎರಡೂ ಒಂದೇ" ಅಂತ ಬಂದರೂ ಅದು ಬರೆಯಬಹುದಾದ ಫಲಿತಾಂಶವೇ.

ಮೂರು–ನಾಲ್ಕು ವರ್ಷ ಸಮಯ ಇದೆ, ಎಕ್ಸ್‌ಪಿಎಸ್ ಮತ್ತು ಟಿಇಎಂ ಸೂಕ್ಷ್ಮದರ್ಶಕ ಕೈಗೆಟಕುತ್ತದೆ, ಆಮ್ಲಜನಕ ಕಡಿಮೆ ಮಾಡಿ ಮತ್ತೆ ಕೊಡುವ ಚೇಂಬರ್ ಇದೆ: ಸೀರಿಯಾ. ಗಾತ್ರ ಒಂದನ್ನೇ ಇಟ್ಟು 3+ ಪಾಲನ್ನು ಮಾತ್ರ ಬದಲಿಸಿ ಹೋಲಿಸುವುದು ಇನ್ನೂ ಚೆನ್ನ. ಪೇಟೆಯಲ್ಲಿ ಸಿಗುವ ಪುಡಿ ತಂದು "25 ನ್ಯಾನೋಮೀಟರ್" ಅಂತ ಬರೆಯಬೇಡಿ. ಮೀಡಿಯಂಗೆ ಬಿದ್ದ ಮೇಲೆ ಅದು ನೂರಾರು ನ್ಯಾನೋಮೀಟರಿನ ಗಂಟಾಗಿರುತ್ತದೆ, ಕಣದ ಗಾತ್ರ ಹೇಳುವ ಡಿಎಲ್‌ಎಸ್ ಅಳತೆಯನ್ನು ಮೀಡಿಯಂನಲ್ಲೇ ಮಾಡಿ.

ಫಾರ್ಮಸಿ ವಿಭಾಗ, ಆಸ್ಪತ್ರೆ ಜೊತೆಗಿದೆ, ಡಾಕ್ಸೋರುಬಿಸಿನ್ ವಿಷಯ: ಕರ್ಕ್ಯುಮಿನ್ ಅಥವಾ ಗಾರ್ಸಿನಾಲ್ ತುಂಬಿದ ಪಿಎಲ್‌ಜಿಎ. ಹೋಲಿಕೆಗೆ ಡೆಕ್ಸ್‌ರಜೋಕ್ಸೇನ್ ಇಡಿ. ಈ ಹೃದಯಹಾನಿ ತಡೆಯಲು ವೈದ್ಯರು ನಿಜವಾಗಿ ಬಳಸುವ ಮದ್ದು ಅದು. ಅದರ ಹತ್ತಿರಕ್ಕೂ ಬರದ ಕಣವನ್ನು ಹೊಗಳಿ ಪ್ರಯೋಜನ ಇಲ್ಲ. ಜೊತೆಗೆ ಎಂಸಿಎಫ್-7 ಥರದ ಒಂದು ಕ್ಯಾನ್ಸರ್ ಕೋಶವನ್ನೂ ಅದೇ ಡೋಸಿನಲ್ಲಿ ಪರೀಕ್ಷಿಸಿ. ನಿಮ್ಮ ಕಣ ಹೃದಯಕೋಶದ ಜೊತೆ ಕ್ಯಾನ್ಸರ್ ಕೋಶವನ್ನೂ ಡಾಕ್ಸೋರುಬಿಸಿನ್‌ನಿಂದ ಕಾಪಾಡಿಬಿಟ್ಟರೆ ಆಂಕಾಲಜಿ ವಾರ್ಡಿನಲ್ಲಿ ಅದಕ್ಕೆ ಜಾಗ ಇಲ್ಲ. ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳುವುದೂ ಇದನ್ನೇ.